ಅಡಿಕೆ ಚಪ್ಪರದ ಹಿಂದಿರೋ ಫಾರ್ಗೋ ಲಾರಿ: ಇದು ಡಾಡ್ಜೋ, ಕ್ರೈಸ್ಲರೋ, ಪ್ರೀಮಿಯರೋ?

ತೀರ್ಥಹಳ್ಳಿ_ತೋಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮನೆ ಅಡಿಕೆ ಚಪ್ಪರದ ಹಿಂದೆ ಅಜ್ಜನ ಕಾಲದ ಲಾರಿ ಒಂದು ನಿಂತಲ್ಲೇ ನಿಂತಿದೆ. ಹಿಂದಿನ ಮರದ ಬಾಡಿ ಪೂರ್ತಿ ಗೆದ್ದಲು ತಿಂದು ಹೋಯ್ತು. ಕ್ಯಾಬಿನ್ನು, ಬಾನೆಟ್ಟು, ಚಾಸಿ ಉಳಿದಿದೆ. ಎಂಜಿನ್ನೂ ಇದೆ, ಆದರೆ ಅದರ ಮೇಲೆ ಕಾಳುಮೆಣಸಿನ ಬಳ್ಳಿ ಹಬ್ಬಿದೆ. ಬಾನೆಟ್ಟಿನ ಪಕ್ಕದಲ್ಲಿ ಇಂಗ್ಲಿಷಲ್ಲಿ "ಫಾರ್ಗೋ" ಅಂತ ಎರಕದ ಅಕ್ಷರ. ಅಪ್ಪ ಮಾತ್ರ ಯಾವಾಗಲೂ "ಡಾಡ್ಜ್" ಅಂತಾರೆ. ಪಕ್ಕದ ಮನೆ ಭಟ್ರು "ಅದು ಅಮೆರಿಕದ ಕ್ರೈಸ್ಲರ್ ಕಂಪನಿ ಗಾಡಿ ಮಾರಾಯ" ಅಂತಾರೆ. ಬಾಗಿಲ ಹತ್ತಿರದ ತಗಡಿನ ಪಟ್ಟಿ ಉಜ್ಜಿ ನೋಡಿದ್ರೆ ಪ್ರೀಮಿಯರ್ ಆಟೋಮೊಬೈಲ್ಸ್, ಬಾಂಬೆ ಅಂತಿದೆ. ಪ್ರೀಮಿಯರ್ ಅಂದ್ರೆ ಪದ್ಮಿನಿ ಕಾರಿನವರಲ್ವ? ಅವರಿಗೂ ಅಮೆರಿಕಕ್ಕೂ ಎಂತ ಸಂಬಂಧ?

ಗುಜರಿಯವ ಬೆನ್ನು ಬಿದ್ದಿದಾನೆ. ಕೊಡೋ ಮುಂಚೆ ಇದು ಯಾವ ಮನೆತನದ್ದು ಅಂತಾದರೂ ತಿಳ್ಕೊಳ್ಳೋಣ ಅಂತ.

ಸಾಗರ_ಸೀಮೆ:

ಮೂರೂ ಒಂದೇ. ಫಾರ್ಗೋ, ಡಾಡ್ಜ್, ಡಿಸೋಟೊ ಎಲ್ಲ ಕ್ರೈಸ್ಲರ್‌ನವೇ ಲಾರಿ, ಹೆಸರಿನ ಅಕ್ಷರ ಮಾತ್ರ ಬೇರೆ. ನಮ್ಮ ಕಡೆ ನಾಟಾ ಹೊಡೆಯೋರ ಹತ್ತಿರ ತುಂಬ ಇದ್ವು. ಗುಜರಿಗೆ ಕೊಡಬೇಡಿ.

ಗ್ರೀಸ್‌ಕೈ_ಶಿವಮೊಗ್ಗ:

ಅಪ್ಪ ಹೇಳಿದ್ದೂ ಸರಿ, ಭಟ್ರು ಹೇಳಿದ್ದೂ ಸರಿ, ತಗಡಿನ ಪಟ್ಟಿ ಹೇಳೋದೂ ಸರಿ. ಸಾಗರದವರು ಹೇಳಿದ್ದು ಅರ್ಧ. ಒಂದೇ ಗಾಡಿಗೆ ಇಷ್ಟೊಂದು ಹೆಸರು ಯಾಕೆ ಅಂತ ಕೇಳಿದ್ರೆ ಕಥೆ ಸ್ವಲ್ಪ ಉದ್ದ ಇದೆ. ಪುರುಸೊತ್ತಿದ್ರೆ ಓದಿ.

ನಾನು ಲಾರಿ ಮೆಕ್ಯಾನಿಕ್. ಈಗ ಗ್ಯಾರೇಜು ಮಗ ನೋಡ್ಕೊಳ್ತಾನೆ, ಸಾಗರ ರಸ್ತೆ ಆಟೋ ಕಾಂಪ್ಲೆಕ್ಸಲ್ಲಿ. ನಾನು ಬೆಳಿಗ್ಗೆ ಹೋಗಿ ಕುರ್ಚಿ ಹಾಕ್ಕೊಂಡು ಹುಡುಗರಿಗೆ ಬೈದು ಊಟಕ್ಕೆ ಬರ್ತೀನಿ. ಕೆಲಸ ಕಲಿತದ್ದು ಡಾಡ್ಜ್, ಫಾರ್ಗೋ ಕೆಳಗೆ ಮಲಗಿಯೇ. ಹಾಗಾಗಿ ಕ್ರೈಸ್ಲರ್ ಮೇಲೆ ನನಗೆ ಒಂಚೂರು ಪಕ್ಷಪಾತ ಇದೆ, ಅದನ್ನ ಲೆಕ್ಕಕ್ಕೆ ಇಟ್ಕೊಂಡೇ ಓದಿ.

ಫೋರ್ಡ್ ಬಗ್ಗೆ ಎಲ್ಲರಿಗೂ ಗೊತ್ತು. ವಾಲ್ಟರ್ ಕ್ರೈಸ್ಲರ್ ಬಗ್ಗೆ ಯಾರೂ ಮಾತಾಡಲ್ಲ. ಈ ಮನುಷ್ಯ ಹುಟ್ಟಿದ್ದು 1875ರಲ್ಲಿ, ಕಾನ್ಸಾಸ್‌ನಲ್ಲಿ. ಕಲಿತದ್ದು ರೈಲ್ವೆ ವರ್ಕ್‌ಶಾಪಲ್ಲಿ, ಉಗಿಬಂಡಿ ರಿಪೇರಿ. 1908ರಲ್ಲಿ ಶಿಕಾಗೋ ಮೋಟಾರು ಪ್ರದರ್ಶನಕ್ಕೆ ಹೋದವನ ಕಣ್ಣಿಗೆ ಲೋಕೊಮೊಬೈಲ್ ಅನ್ನೋ ಕಾರು ಬಿತ್ತು. ಬೆಲೆ 5,000 ಡಾಲರ್. ಕೈಯಲ್ಲಿ ಇದ್ದದ್ದು 700. ಮಿಕ್ಕ 4,300 ಸಾಲ ಮಾಡಿ ತಗೊಂಡ. ಮನೆಗೆ ತಂದು ಓಡಿಸಿದ್ನಾ? ಇಲ್ಲ. ಕೊಟ್ಟಿಗೆಯಲ್ಲಿ ಇಟ್ಟು ಪೂರ್ತಿ ಬಿಚ್ಚಿದ, ಜೋಡಿಸಿದ, ಮತ್ತೆ ಬಿಚ್ಚಿದ. ಡ್ರೈವಿಂಗ್ ಕಲಿತದ್ದು ಆಮೇಲೆ. ನನ್ನ ಹತ್ತಿರ ಕೆಲಸಕ್ಕೆ ಬರೋ ಹುಡುಗರಿಗೆ ಇದನ್ನ ಹೇಳಿದ್ರೆ "ಆ ಸಾಲದ ಕಂತು ಯಾರು ಕಟ್ಟಿದ್ರು ಅಣ್ಣಾ" ಅಂತ ಕೇಳ್ತಾರೆ.

ಆಮೇಲೆ ಜನರಲ್ ಮೋಟಾರ್ಸ್‌ನವರ ಬ್ಯೂಕ್ ಕಾರು ಕಂಪನಿ ಸೇರಿದ, ಅಲ್ಲಿ ಅಧ್ಯಕ್ಷ ಆದ. ಜನರಲ್ ಮೋಟಾರ್ಸ್ ಯಜಮಾನ ಡ್ಯುರಾಂಟ್ ಜೊತೆ ಸರಿಹೋಗದೆ ಹೊರಬಿದ್ದ. ಮುಳುಗ್ತಾ ಇದ್ದ ವಿಲ್ಲಿಸ್-ಓವರ್‌ಲ್ಯಾಂಡ್ ಕಂಪನಿಯ ಬ್ಯಾಂಕಿನವರು ಇವನನ್ನ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಸಂಬಳಕ್ಕೆ ಕರೆದರು. 1920ರಲ್ಲಿ ಹತ್ತು ಲಕ್ಷ! ಹೌದು, ಮುಂದೆ ಜೀಪು ಮಾಡಿದ ಅದೇ ವಿಲ್ಲಿಸ್. ಅಲ್ಲಿಂದ ಮ್ಯಾಕ್ಸ್‌ವೆಲ್ ಅನ್ನೋ ಇನ್ನೊಂದು ಬಡಕಲು ಕಂಪನಿಗೆ. ಅದನ್ನೇ ತಿದ್ದಿ 1925ರ ಜೂನ್‌ನಲ್ಲಿ ಕ್ರೈಸ್ಲರ್ ಕಾರ್ಪೊರೇಷನ್ ಮಾಡಿದ.

ಅದಕ್ಕೂ ಒಂದು ವರ್ಷ ಮುಂಚೆ, 1924ರಲ್ಲಿ, ಅವನ ಹೆಸರಿನ ಮೊದಲ ಕಾರು ಬಂದಿತ್ತು. ಇಲ್ಲಿ ಮೆಕ್ಯಾನಿಕ್ ಆಗಿ ನಾನು ಸ್ವಲ್ಪ ನಿಲ್ಲಬೇಕು. ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕು, ಅಂದ್ರೆ ಎಣ್ಣೆ ಒತ್ತಡದಿಂದ ಹಿಡಿಯೋ ಬ್ರೇಕು, ಮಧ್ಯಮ ಬೆಲೆಯ ಕಾರಿನಲ್ಲಿ! ಫೋರ್ಡ್‌ನವರು ಸಲಾಕೆ, ಕೇಬಲ್ಲು ಎಳೆಯೋ ಬ್ರೇಕನ್ನ ಬಿಟ್ಟದ್ದು 1939ರ ಮಾಡೆಲ್‌ಗೆ. ಸಲಾಕೆ ಬ್ರೇಕಲ್ಲಿ ಒಂದು ಚಕ್ರ ಬೇಗ ಹಿಡೀತು, ಇನ್ನೊಂದು ತಡವಾಗಿ ಹಿಡೀತು ಅಂದ್ರೆ ಗಾಡಿ ಒಂದು ಕಡೆ ಎಳೆಯುತ್ತೆ. ಬಯಲಲ್ಲಿ ಪರವಾಗಿಲ್ಲ. ಆಗುಂಬೆ ಘಾಟಿ ತಿರುವಲ್ಲಿ, ಮಳೆಗಾಲದಲ್ಲಿ, ಎಡಕ್ಕೆ ಎಳೆದ್ರೆ ಸೀದಾ ಸೋಮೇಶ್ವರ. ಎಣ್ಣೆ ಬ್ರೇಕಲ್ಲಿ ಪೆಡಲ್ ಒತ್ತಿದ ಒತ್ತಡ ಎಲ್ಲ ಚಕ್ರಕ್ಕೂ ಸಮ.

ಹಾಗಂತ ಅದಕ್ಕೂ ಕಾಟ ಇಲ್ಲದೆ ಇಲ್ಲ. ಬ್ರೇಕ್ ಆಯಿಲ್ ತೇವ ಎಳ್ಕೊಳ್ಳುತ್ತೆ, ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ಗೋಡೆಯೇ ಬೆವರುತ್ತೆ. ವೀಲ್ ಸಿಲಿಂಡರ್ ಒಳಗೆ ತುಕ್ಕು ಗುಳಿ ಬೀಳೋದು, ರಬ್ಬರ್ ವಾಷರ್ ಕಡಿದು ಹೋಗೋದು, ಪೆಡಲ್ ನೆಲಕ್ಕೆ ಹೋಗೋದು. ಘಾಟಿ ಇಳಿಯೋ ಡ್ರೈವರು ಮೇಲೇ ನಿಲ್ಲಿಸಿ ಪೆಡಲ್ ತುಳಿದು ನೋಡ್ತಿದ್ದ. ಸ್ಪಂಜಿನ ಹಾಗೆ ಮೆತ್ತಗೆ ಅನಿಸಿದ್ರೆ ಕ್ಲೀನರು ಚಕ್ರದ ಹಿಂದೆ ನಿಪ್ಪಲ್ ಸಡಿಲ ಮಾಡೋದು, ಮೇಲಿಂದ ಇವ "ತುಳಿದೆ" ಅನ್ನೋದು, ಅವ "ಹಿಡಿ" ಅಂತ ಬಿಗಿ ಮಾಡೋದು, ಗಾಳಿಗುಳ್ಳೆ ಪೂರ್ತಿ ಹೋಗೋವರೆಗೆ ಇದೇ ಜುಗಲ್ಬಂದಿ.

ಇನ್ನು ಹೆಸರಿನ ವಿಷಯ. ಡಾಡ್ಜ್ ಅಂದ್ರೆ ಜಾನ್ ಮತ್ತು ಹೊರೇಸ್ ಡಾಡ್ಜ್, ಅಣ್ಣತಮ್ಮ. 1903ರಿಂದ ಫೋರ್ಡ್‌ಗೆ ಎಂಜಿನ್ನು, ಗೇರ್‌ಬಾಕ್ಸು ಮಾಡಿಕೊಡ್ತಿದ್ದವರೇ ಇವರು, ಫೋರ್ಡ್ ಕಂಪನಿಯ ಷೇರುದಾರರೂ ಹೌದು. 1914ರಲ್ಲಿ ಸ್ವಂತ ಕಾರು ಇಳಿಸಿದರು. ಹೆನ್ರಿ ಫೋರ್ಡ್ ಲಾಭಾಂಶ ತಡೆದಾಗ ಕೋರ್ಟಿಗೆಳೆದು 1919ರಲ್ಲಿ ಗೆದ್ದರು. ಮರುವರ್ಷವೇ, 1920ರಲ್ಲಿ, ಇಬ್ಬರೂ ತೀರಿಹೋದರು. ವಿಧವೆಯರು 1925ರಲ್ಲಿ ಕಂಪನಿಯನ್ನ ಒಂದು ಬ್ಯಾಂಕಿಗೆ 14.6 ಕೋಟಿ ಡಾಲರಿಗೆ ಮಾರಿದರು. ಬ್ಯಾಂಕಿನವರಿಗೆ ಕಾರು ಮಾಡೋಕೆ ಬಂದೀತಾ? 1928ರಲ್ಲಿ ಕ್ರೈಸ್ಲರ್ ಕೊಂಡ. ನಾಲ್ಕೆಕರೆ ತೋಟದವ ಪಕ್ಕದ ನಲವತ್ತೆಕರೆಯನ್ನ ಕೊಟ್ಟಿಗೆ ಸಮೇತ ಬರೆಸ್ಕೊಂಡ ಹಾಗೆ. ಡಾಡ್ಜ್‌ನವರ ಹತ್ತಿರ ಎರಕದ ಮನೆ ಇತ್ತು, ಫೋರ್ಜಿಂಗ್ ಇತ್ತು, ಊರೂರಲ್ಲಿ ಡೀಲರ್ ಇದ್ದರು. ಇವನ ಹತ್ತಿರ ಅದ್ಯಾವುದೂ ಸಾಕಷ್ಟಿರಲಿಲ್ಲ.

ಅದೇ 1928ರಲ್ಲೇ ಪ್ಲಿಮತ್, ಡಿಸೋಟೊ, ಫಾರ್ಗೋ ಮೂರೂ ಹುಟ್ಟಿದ್ದು. ಫಾರ್ಗೋ ಯಾಕೆ ಬೇಕಿತ್ತು ಅಂದ್ರೆ, ಡಾಡ್ಜ್ ಲಾರಿ ಡಾಡ್ಜ್ ಡೀಲರ್ ಅಂಗಡಿಯಲ್ಲಿ ಮಾತ್ರ. ಪ್ಲಿಮತ್, ಕ್ರೈಸ್ಲರ್ ಮಾರೋ ಅಂಗಡಿಯವನಿಗೂ ಒಂದು ಲಾರಿ ಬೇಕಲ್ಲ? ಅದೇ ಲಾರಿಗೆ ಫಾರ್ಗೋ ಅಂತ ಅಕ್ಷರ ಕೂರಿಸಿ ಕೊಟ್ಟರು. ಅಮೆರಿಕದಲ್ಲಿ ಆ ಹೆಸರು ಬೇಗ ನಿಂತುಹೋಯ್ತು, ಕೆನಡಾ ಮತ್ತು ಹೊರದೇಶಗಳಲ್ಲಿ ಉಳೀತು. ನಿಮ್ಮಪ್ಪ ಡಾಡ್ಜ್ ಅನ್ನೋದು ಅದಕ್ಕೇ. ಬಿಡಿಭಾಗ ತರೋಕೆ ಹೋದವರೆಲ್ಲ ಡಾಡ್ಜ್ ಅಂತಲೇ ಕೇಳ್ತಿದ್ದದ್ದು.

ನ್ಯೂಟೌನ್_ಭದ್ರಾವತಿ:

ಗ್ರೀಸ್‌ಕೈ ಅವರೇ, ಚೆನ್ನಾಗಿ ಬರೆದಿದ್ದೀರಿ. ಪ್ರೀಮಿಯರ್ ಭಾಗಕ್ಕೆ ನಮ್ಮೂರಿನ ಒಂದು ಕೊಂಡಿ ಸೇರಿಸ್ತೀನಿ. ಇಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ ಕಟ್ಟಿಸಿದ ವಿಶ್ವೇಶ್ವರಯ್ಯನವರೇ 1930ರ ದಶಕದಲ್ಲಿ ನಮ್ಮ ದೇಶಕ್ಕೆ ಮೋಟಾರು ಕಾರ್ಖಾನೆ ಬೇಕು ಅಂತ ಯುರೋಪು, ಅಮೆರಿಕ ಸುತ್ತಿ ಯೋಜನೆ ತಯಾರಿಸಿದವರು. ಅದನ್ನ ಕೈಗೆತ್ತಿಕೊಂಡದ್ದು ಬಾಂಬೆಯ ಉದ್ಯಮಿ ವಾಲ್‌ಚಂದ್ ಹೀರಾಚಂದ್. 1940ರಲ್ಲಿ ಕ್ರೈಸ್ಲರ್ ಜೊತೆ ಒಪ್ಪಂದ ಆಯ್ತು. ಕಾರ್ಖಾನೆ ಬೆಂಗಳೂರಲ್ಲಿ ಆಗಲಿ ಅಂತ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರಿಗೂ ಮನಸ್ಸಿತ್ತು. ಬ್ರಿಟಿಷ್ ಸರ್ಕಾರ ಸೊಪ್ಪು ಹಾಕಲಿಲ್ಲ. ಅದೇ ವಾಲ್‌ಚಂದ್ 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದ್ರು, ಈಗಿನ ಎಚ್‌ಎಎಲ್. ಕಾರು ಕಾರ್ಖಾನೆ ಮಾತ್ರ 1944ರಲ್ಲಿ ಬಾಂಬೆಯಲ್ಲಿ ಪ್ರೀಮಿಯರ್ ಆಯ್ತು. ಇಲ್ಲದಿದ್ರೆ ನಿಮ್ಮ ತಗಡಿನ ಪಟ್ಟಿಯಲ್ಲಿ ಬೆಂಗಳೂರು ಅಂತ ಇರ್ತಿತ್ತು!

ತೀರ್ಥಹಳ್ಳಿ_ತೋಟ:

ಅಬ್ಬಾ! ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಘಾಟಿಯಲ್ಲಿ ಬ್ರೇಕ್ ಗಾಳಿ ತೆಗೆಯೋದು ಕೇಳಿ ನಗ್ತಾ ಇದ್ರು, ಅವರೇ ಆ ಕ್ಲೀನರಂತೆ. ಅವರ ಒಂದು ಪ್ರಶ್ನೆ: ಮೊದಲು ಷೆವರ್ಲೆ, ಫೋರ್ಡ್ ಲಾರಿ, ಬಸ್ಸು ಎಲ್ಲ ಇದ್ವಂತೆ. ಅವೆಲ್ಲ ಮಾಯ ಆಗಿ ಡಾಡ್ಜ್ ಒಂದೇ ಹೇಗೆ ಉಳೀತು? ಮತ್ತೆ ಈಗ ಕ್ರೈಸ್ಲರ್ ಕಂಪನಿ ಇದೆಯಾ?

ಗ್ರೀಸ್‌ಕೈ_ಶಿವಮೊಗ್ಗ:

ಅಪ್ಪನವರಿಗೆ ನನ್ನ ನಮಸ್ಕಾರ ಹೇಳಿ. ಭದ್ರಾವತಿಯವರು ಬರೆದದ್ದರಲ್ಲೇ ಮೊದಲ ಪ್ರಶ್ನೆಗೆ ಉತ್ತರ ಇದೆ ನೋಡಿ. ಜನರಲ್ ಮೋಟಾರ್ಸ್‌ನವರು 1928ರಿಂದ ಬಾಂಬೆಯಲ್ಲಿ ಷೆವರ್ಲೆ ಜೋಡಿಸ್ತಿದ್ರು, ಫೋರ್ಡ್‌ನವರೂ ಇದ್ದರು. ಆದರೆ ಇಬ್ಬರದೂ ಪೆಟ್ಟಿಗೆಯಲ್ಲಿ ಬಂದ ಭಾಗ ಜೋಡಿಸೋ ಕೆಲಸ. 1953ರಲ್ಲಿ ಸರ್ಕಾರ ಹೇಳ್ತು, ಇಲ್ಲೇ ಭಾಗ ತಯಾರಿಸೋ ಯೋಜನೆ ಇದ್ದವರು ಇರಿ, ಇಲ್ಲದವರು ಹೊರಡಿ. ಇಬ್ಬರೂ ಅಂಗಡಿ ಮುಚ್ಚಿದರು. ಡಾಡ್ಜ್ ಇಲ್ಲಿಯವರದೇ ಕಂಪನಿ ಪ್ರೀಮಿಯರ್ ಕೈಯಲ್ಲಿ ಲೈಸೆನ್ಸ್ ಮೇಲೆ ಇತ್ತು, ಹಾಗಾಗಿ ಉಳೀತು. ಎಂಜಿನ್ನೂ ಆಮೇಲೆ ಅಮೆರಿಕದ್ದಲ್ಲ. ಮದರಾಸಿನ ಸಿಂಪ್ಸನ್ ಕಂಪನಿ ಮಾಡ್ತಿದ್ದ ಪರ್ಕಿನ್ಸ್ ಡೀಸೆಲ್ಲು. ಅಮೆರಿಕದ ಮೂತಿ, ಇಂಗ್ಲೆಂಡಿನ ಎಂಜಿನ್ನು, ಮದರಾಸಿನ ಎರಕ, ಬಾಂಬೆಯ ಜೋಡಣೆ, ಶಿವಮೊಗ್ಗದ ಮರದ ಬಾಡಿ.

ಕಂಪನಿ ಇದೆಯಾ ಅಂದ್ರೆ, ಇದೆ ಅನ್ನಬಹುದು. ಈ ಭಾಗ ನನಗೆ ಭಾರಿ ಮಜಾ ಕೊಡೋದು.

1979ರಲ್ಲಿ ಕ್ರೈಸ್ಲರ್ ಬಹುತೇಕ ಮುಳುಗಿತ್ತು. ದೊಡ್ಡ ದೊಡ್ಡ ಪೆಟ್ರೋಲ್ ಕುಡಿಯೋ ಕಾರು ಮಾಡಿ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ರು, ಕೇಳೋರಿಲ್ಲ. ಫೋರ್ಡ್‌ನಿಂದ ಹೊರಹಾಕಿಸಿಕೊಂಡ ಲೀ ಅಯಕೋಕ ಬಂದು ಸರ್ಕಾರದ ಹತ್ತಿರ 150 ಕೋಟಿ ಡಾಲರ್ ಸಾಲಕ್ಕೆ ಜಾಮೀನು ಕೇಳಿದ. ಅಮೆರಿಕದ ಅಧ್ಯಕ್ಷ ಕಾರ್ಟರ್ 1980ರ ಜನವರಿಯಲ್ಲಿ ಸಹಿ ಹಾಕಿದ್ರು. ಸಾಲ 1983ರಲ್ಲೇ ತೀರಿತು, ಅವಧಿಗಿಂತ ಏಳು ವರ್ಷ ಮೊದಲು. 1987ರಲ್ಲಿ ಇದೇ ಅಯಕೋಕ ಎಎಂಸಿ (ಅಮೆರಿಕನ್ ಮೋಟಾರ್ಸ್) ಕಂಪನಿಯನ್ನ ಕೊಂಡದ್ದು, ಮುಖ್ಯವಾಗಿ ಅದರ ಹೊಟ್ಟೆಯಲ್ಲಿದ್ದ ಜೀಪ್‌ಗೋಸ್ಕರ. ಅಂದ್ರೆ ವಾಲ್ಟರ್ ಕ್ರೈಸ್ಲರ್ ಎಂದೋ ಬಿಟ್ಟುಬಂದ ವಿಲ್ಲಿಸ್‌ನ ಜೀಪು ಕೊನೆಗೆ ಅವನ ಮನೆಗೇ ಬಂತು. ನಿಜ ಹೇಳಬೇಕಂದ್ರೆ ಆಮೇಲೆ ಆ ಮನೆಯನ್ನ ಸಾಕಿದ್ದೇ ಜೀಪು.

ಈಗ ನಮ್ಮ ರಸ್ತೆ ನೆನೆಸ್ಕೊಳ್ಳಿ. ಆಗ ನಮ್ಮ ಘಾಟಿಯಲ್ಲಿ ಡಾಡ್ಜ್‌ಗೆ ಎದುರಾಳಿ ಯಾರು? ಟಾಟಾ ಬೆಂಜ್. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಟಾಟಾದವರು ತಂದ ಲಾರಿ. ಡ್ರೈವರುಗಳಲ್ಲಿ ಎರಡು ಪಂಗಡ ಇತ್ತು, ಟೀ ಅಂಗಡಿಯಲ್ಲಿ ಕೈಕೈ ಮಿಲಾಯಿಸೋವರೆಗೂ ಜಗಳ. ನನ್ನ ಪ್ರಕಾರ ಏರಿಗೆ ಬೆಂಜ್ ಮೇಲು, ರಿಪೇರಿಗೆ ಡಾಡ್ಜ್ ಸುಲಭ. 1998ರಲ್ಲಿ ಏನಾಯ್ತು ಗೊತ್ತಾ? ಅದೇ ಡೈಮ್ಲರ್-ಬೆಂಜ್ 3,600 ಕೋಟಿ ಡಾಲರಿಗೆ ಕ್ರೈಸ್ಲರನ್ನೇ ತಗೊಳ್ತು. ಸರಿಸಮಾನರ ಕೂಡಾವಳಿ ಅಂತ ಹೆಸರಿಗೆ, ಯಜಮಾನಿಕೆ ಜರ್ಮನಿಯದ್ದೇ. ಹೊಂದಿಕೆ ಆಗದೆ 2007ರಲ್ಲಿ ಸರ್ಬೆರಸ್ ಅನ್ನೋ ಹಣಕಾಸಿನವರಿಗೆ ದಾಟಿಸಿದರು. 2009ರ ಏಪ್ರಿಲ್ 30ಕ್ಕೆ ದಿವಾಳಿ ಅರ್ಜಿ.

ಆಗ ಕೈ ಹಿಡಿದವರು ಯಾರು? ಫಿಯಟ್. ನಗದು ಕೊಡದೆ, ಸಣ್ಣ ಕಾರಿನ ತಂತ್ರಜ್ಞಾನ ಕೊಡ್ತೀವಿ ಅಂತ ಹೇಳಿ ಮೊದಲು ಶೇ. 20 ಪಾಲು ತಗೊಂಡು, 2014ಕ್ಕೆ ಪೂರ್ತಿ ತಮ್ಮದೇ ಮಾಡ್ಕೊಂಡರು. ಪ್ರೀಮಿಯರ್‌ನವರು 1950ರ ದಶಕದಿಂದ ಒಂದು ಕೈಯಲ್ಲಿ ಡಾಡ್ಜ್ ಲಾರಿ, ಇನ್ನೊಂದು ಕೈಯಲ್ಲಿ ಫಿಯಟ್ 1100 ಮಾಡ್ತಿದ್ದದ್ದು. ನಿಮ್ಮ ಪದ್ಮಿನಿ ಅಂದ್ರೆ ಅದೇ ಫಿಯಟ್. ಇನ್ನೂ ಮುಗಿದಿಲ್ಲ. ಇದೇ ಪ್ರೀಮಿಯರ್ 1990ರ ದಶಕದಲ್ಲಿ ಫ್ರಾನ್ಸಿನ ಪೂಜೋ ಜೊತೆ ಸೇರಿ 309 ಅನ್ನೋ ಕಾರು ಮಾಡ್ತು, ಶಿವಮೊಗ್ಗದ ಡಾಕ್ಟರೊಬ್ಬರ ಹತ್ತಿರ ಇತ್ತು, ಬಿಡಿಭಾಗಕ್ಕೆ ಅವರು ಪಟ್ಟ ಪಾಡು ದೇವರಿಗೇ ಪ್ರೀತಿ. 2021ರ ಜನವರಿಯಲ್ಲಿ ಫಿಯಟ್-ಕ್ರೈಸ್ಲರ್ ಮತ್ತು ಪೂಜೋ ಕಂಪನಿ ಸೇರಿ ಸ್ಟೆಲಾಂಟಿಸ್ ಆಯ್ತು. ಪ್ರೀಮಿಯರ್ ಒಂದಾದ ಮೇಲೊಂದು ಸಂಬಂಧ ಮಾಡಿದ ಅಮೆರಿಕದವರು, ಇಟಲಿಯವರು, ಫ್ರಾನ್ಸಿನವರು, ಮೂವರೂ ಈಗ ಒಂದೇ ಸೂರಿನಡಿ. ಸಂಬಂಧ ಕುದುರಿಸಿದ ಪ್ರೀಮಿಯರ್ ಮಾತ್ರ ಕಾರು ಮಾಡ್ತಾ ಇಲ್ಲ.

ಸಾಗರ_ಸೀಮೆ:

ಇದು ನನಗೆ ಹೊಳೆದೇ ಇರಲಿಲ್ಲ. ಬೆಂಜ್ ಏರಿಗೆ ಮೇಲು ಅಂದಿದ್ದಕ್ಕೆ ಮಾತ್ರ ನನ್ನ ತಕರಾರಿದೆ. ನಮ್ಮ ಮಾವನ ಡಾಡ್ಜ್ ಹೊನ್ನೆ ದಿಮ್ಮಿ ಹೇರ್ಕೊಂಡು ಹುಲಿಕಲ್ ಏರಿದ್ದು ನೋಡಿದವ ನಾನು.

ಗ್ರೀಸ್‌ಕೈ_ಶಿವಮೊಗ್ಗ:

ಏರಿರಬಹುದು. ಎಷ್ಟು ಹೊತ್ತಿಗೆ ಏರಿತು ಅಂತ ಮಾವನನ್ನ ಕೇಳಿ.

ತೋಟದವರೇ, ಗುಜರಿಯವನಿಗೆ ಈಗಲೇ ಹ್ಞೂಂ ಅನ್ನಬೇಡಿ. ಬಳ್ಳಿ ಸರಿಸಿ ಎಂಜಿನ್ ಬ್ಲಾಕ್ ಮೇಲಿನ ನಂಬರು, ತಗಡಿನ ಪಟ್ಟಿ, ಎರಡರದ್ದೂ ಫೋಟೋ ಹಾಕಿ. ಪಟ್ಟಿಯನ್ನ ಮರಳು ಕಾಗದದಿಂದ ಉಜ್ಜಬೇಡಿ, ಅಕ್ಷರ ಹೋಗುತ್ತೆ; ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸಿ. ಎಂಜಿನ್ ಫೌಂಡೇಶನ್ ರಬ್ಬರ್ ಹೋಗಿರುತ್ತೆ, ಅದು ಸಿಗುತ್ತೆ. ಕ್ರ್ಯಾಂಕ್ ಹಿಡಿದುಬಿಟ್ಟಿದ್ಯಾ ಅಂತ ನೋಡಬೇಕು. ಫ್ಯಾನ್ ಹಿಡಿದು ಜಗ್ಗಬೇಡಿ, ಇಂಜೆಕ್ಟರ್ ಬಿಚ್ಚಿ ಒಳಗೆ ಒಂದಿಷ್ಟು ಡೀಸೆಲ್ಲು ಎಣ್ಣೆ ಬೆರೆಸಿ ಹೊಯ್ದು ವಾರ ಬಿಡಿ. ಆಮೇಲೆ ಹೇಳ್ತೀನಿ. ಆರ್‌ಸಿ ಪುಸ್ತಕ ಇದ್ಯಾ ಅಂತ ಅಪ್ಪನ ಪೆಟ್ಟಿಗೆಯಲ್ಲಿ ಹುಡುಕಿ, ಅದಿಲ್ಲದಿದ್ರೆ ಉಳಿದ ಕೆಲಸಕ್ಕೆ ಅರ್ಥ ಇಲ್ಲ.