ಲಾಂಗ್‌ಇಯರ್‌ಬ್ಯೆನ್ ಮ್ಯೂಸಿಯಂಗಳಿಗೆ ಹೋಗಿಬಂದವರು ಅನುಭವ ಹೇಳಿ

ಮೈಸೂರು_ಪಯಣ: ಜೂನ್‌ನಲ್ಲಿ ಓಸ್ಲೊಗೆ ಹೋಗ್ತಿದ್ದೀವಿ. ಅಲ್ಲಿಂದ ಎರಡು ದಿನ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳು, ಉಳಿಯೋದು ಲಾಂಗ್‌ಇಯರ್‌ಬ್ಯೆನ್ ಊರಲ್ಲಿ. ಉತ್ತರ ಧ್ರುವ ಯಾನದ ಮ್ಯೂಸಿಯಂ, ಊರಿನ ಚರಿತ್ರೆಯ ಸ್ವಾಲ್‌ಬಾರ್ಡ್ ಮ್ಯೂಸಿಯಂ ಎರಡಕ್ಕೂ ಸೇರಿ ಅರ್ಧ ದಿನ ಸಾಕಾ? ಅಪ್ಪನಿಗೆ 71, ಮೊಣಕಾಲು ನೋವಿದೆ.

ಧಾರವಾಡ_ಪೇಡೆ: ಮ್ಯೂಸಿಯಂ ಆಮ್ಯಾಲೆ, ಮೊದಲ ವೀಸಾ ಸ್ಟಿಕ್ಕರ್ ನೋಡ್ರಿ. ಸ್ವಾಲ್‌ಬಾರ್ಡ್ ನಾರ್ವೆದ್ದೇ ಖರೆ, ಆದ್ರ ಷೆಂಗೆನ್ (ಒಂದೇ ವೀಸಾ ನಡಿಯೂ ಯುರೋಪಿನ ದೇಶಗಳ ಗುಂಪು) ಒಳಗ ಇಲ್ಲ. ಹೊಂಟಾಗ ಷೆಂಗೆನ್ ಬಿಟ್ಟಂಗ, ವಾಪಸ್ ಬಂದಾಗ ಎರಡನೇ ಪ್ರವೇಶ. ಸ್ಟಿಕ್ಕರಿನಾಗ ಎಷ್ಟು ಸಲ ಒಳಗ ಬರಬಹುದು ಅಂತ ಇರತದ: ‘01’ ಇದ್ರ ಮುಗೀತು, ‘02’ ಇಲ್ಲಾ ‘ಮಲ್ಟ್’ (ಹಲವು ಸಲ) ಬೇಕು. ನಮ್ಮ ಏಜೆಂಟ ಇದನ್ನ ಕೇಳಲೇ ಇಲ್ಲ. ಮತ್ತ ಅರ್ಜಿ ಹಾಕಿದ್ವಿ: ತಲೆಗೆ 90 ಯೂರೊ, ನಾಕು ಮಂದಿಗೆ 360. ಅದರ ಮ್ಯಾಲೆ ಸೇವಾ ಶುಲ್ಕ, ಕೊರಿಯರ್, ಹೊಸ ಫೋಟೊ. ಫೋಟೊ ಸೈತ ಹಳೇದು ನಡೀಲಿಲ್ರಿ!

ಕಡಲತಡಿ: ಸುಮ್ಮನೆ ಹೆದರಿಸಬೇಡಿ ಮಾರಾಯ್ರೆ. 1920ರ ಸ್ವಾಲ್‌ಬಾರ್ಡ್ ಒಪ್ಪಂದಕ್ಕೆ ಭಾರತದ್ದೂ ಸಹಿ ಉಂಟು. ಅಲ್ಲಿಗೆ ವೀಸಾವೇ ಬೇಡ.

ಧಾರವಾಡ_ಪೇಡೆ: ದ್ವೀಪಕ್ಕ ಬ್ಯಾಡ್ರಿ, ಹಾದು ಹೋಗೂದು ನಾರ್ವೆ ಮ್ಯಾಲಿಂದ! ಓಸ್ಲೊದಾಗ ವಾಪಸ್ ಇಳಿದಾಗ ಒಪ್ಪಂದ ತೋರಸ್ತೀರೇನು? ಉತ್ತರ ನಾರ್ವೆದ ಟ್ರೊಮ್ಸೊ ಊರಿನ ಮ್ಯಾಲಿಂದ ಹೋಗೂ ವಿಮಾನ ಇದ್ರ ಅಲ್ಲಿ ಕೈಚೀಲ ಸಮೇತ ಇಳಿಸಿ ಪಾಸ್‌ಪೋರ್ಟ್ ನೋಡತಾರ.

ಕಲ್ಲಿದ್ದಲು: ಅರ್ಧ ದಿನ ಅಂದರೆ ನಗು ಬರುತ್ತೆ. ಯಾನದ ಮ್ಯೂಸಿಯಂ ಒಂದಕ್ಕೇ ಮೂರು ಗಂಟೆ. ಗೋಡೆ ತುಂಬ ಪತ್ರಿಕೆ ತುಣುಕು, ವಾಯುನೌಕೆಗಳ ಮಾದರಿ, ಹಳೆಯ ಸುದ್ದಿಚಿತ್ರ. ಮೊದಲು ಫಿಲ್ಮ್ ನೋಡಿ, ಆಮೇಲೆ ಗೋಡೆ. ತಿರುಗಾಮುರುಗಾ ಮಾಡಿದರೆ ಎರಡು ವಾಯುನೌಕೆಗಳಲ್ಲಿ ‘ನಾರ್ಗೆ’ ಯಾವುದು, ‘ಇಟಾಲಿಯಾ’ ಯಾವುದು ಗೊತ್ತಾಗಲ್ಲ. 1926ರ ಮೇ 11ಕ್ಕೆ ಸ್ವಾಲ್‌ಬಾರ್ಡಿನದೇ ನೀ-ಓಲೆಸುಂಡ್ ಊರು ಬಿಟ್ಟು, 12ಕ್ಕೆ ಧ್ರುವದ ಮೇಲೆ, 14ಕ್ಕೆ ಅಲಾಸ್ಕದ ಟೆಲ್ಲರ್‌ನಲ್ಲಿ ಇಳಿದದ್ದು ‘ನಾರ್ಗೆ’. 1928ರ ಮೇ 25ಕ್ಕೆ ಮಂಜುಗಡ್ಡೆಗೆ ಬಡಿದದ್ದು ‘ಇಟಾಲಿಯಾ’. ಬಡಿದ ಏಟಿಗೆ ಹಗುರಾದ ಅನಿಲದ ಚೀಲ ಆರು ಜನರನ್ನು ಹೊತ್ತು ಮೇಲೆದ್ದು ಹೋಯಿತು, ಮತ್ತೆ ಸಿಗಲಿಲ್ಲ. ಉಳಿದವರ ಜೀವ ಇದ್ದದ್ದು ಒಂದು ಚಿಕ್ಕ ಶಾರ್ಟ್‌ವೇವ್ ರೇಡಿಯೊದಲ್ಲಿ. ಜೂನ್ 3ಕ್ಕೆ ಅದರ ಕೂಗು ಕಿವಿಗೆ ಬಿದ್ದದ್ದು ರಷ್ಯದ ಒಬ್ಬ ಹವ್ಯಾಸಿಗೆ.

ಕಡಲತಡಿ: ಆದರೂ ‘ಇಟಾಲಿಯಾ’ದ ನೋಬಿಲೆ ನಾಯಕನಾಗಿ ಎಲ್ಲರಿಗಿಂತ ಮೊದಲು ಕಾಪಾಡಲು ಬಂದ ವಿಮಾನ ಹತ್ತಿದ್ದು ಸರಿಯಾ? ಅವನನ್ನು ಹುಡುಕಲು ಹೋದ ನಾರ್ವೆಯ ಧ್ರುವ ಅನ್ವೇಷಕ ಅಮುಂಡ್‌ಸೆನ್ ಸಿಗಲೇ ಇಲ್ಲ.

ಕಲ್ಲಿದ್ದಲು: ಕಾಲು ಮುರಿದಿತ್ತು ಸ್ವಾಮಿ! ಹತ್ತಿಸಿದ್ದು ಸ್ವೀಡನ್ನಿನ ಪೈಲಟ್. ಎರಡನೇ ಸಲ ಬಂದಾಗ ಅದೇ ವಿಮಾನ ಮಂಜುಗಡ್ಡೆಯ ಮೇಲೆ ಮಗುಚಿತು. ಪೂರ್ತಿ ಓದಿ ಬರೆಯಿರಿ.

ಹೆಬ್ಬಾಳದವಳು: ಜಗಳ ಬೇರೆ ಕಡೆ ಆಡಿ. ಸ್ವಾಲ್‌ಬಾರ್ಡ್ ಮ್ಯೂಸಿಯಂನಲ್ಲಿ ಬಾಗಿಲಲ್ಲೇ ಶೂ ಬಿಚ್ಚಬೇಕು, ಗಣಿಯ ಕಲ್ಲಿದ್ದಲು ಧೂಳಿನ ಕಾಲದಿಂದ ಉಳಿದ ಪದ್ಧತಿ. ಲೇಸ್ ಬೂಟು ಹಾಕಿದರೆ ದಿನಕ್ಕೆ ಹತ್ತು ಸಲ ಬಗ್ಗಬೇಕಾಗುತ್ತೆ. ಎಳೆದು ಹಾಕುವ ಬೂಟು, ತೂತಿಲ್ಲದ ದಪ್ಪ ಉಣ್ಣೆ ಕಾಲ್ಚೀಲ ಇರಲಿ. ತಣ್ಣಗಾದ ಕ್ಯಾಮೆರಾ ಬೆಚ್ಚಗಿನ ಒಳಕ್ಕೆ ಬಂದರೆ ಮಸೂರದ ಮೇಲೆ ಹನಿ ಕಟ್ಟುತ್ತೆ. ಹೊರಗಿರುವಾಗಲೇ ಜಿಪ್ ಕವರಿಗೆ ಹಾಕಿ, ಒಳಗೆ ಅರ್ಧ ಗಂಟೆ ತೆಗೆಯಬೇಡಿ. ಬೇಟೆಗಾರರು ಹಿಮಕರಡಿಗೆ ಇಡುತ್ತಿದ್ದ ಪೆಟ್ಟಿಗೆಯ ಉಪಾಯ ತಿಳಿದುಕೊಂಡು ಬನ್ನಿ: ಒಳಗೆ ಬಂದೂಕು, ಬಾಯಿಯ ಹತ್ತಿರ ಕೊಬ್ಬಿನ ತುಂಡು, ಅಲ್ಲಿಂದ ಬಂದೂಕಿನ ಕುದುರೆಗೆ (ಟ್ರಿಗರ್) ದಾರ. ಕರಡಿ ಎಳೆದರೆ ಗುಂಡು ತಲೆಗೇ. 1973ರಲ್ಲಿ ಕರಡಿಗೆ ರಕ್ಷಣೆ ಬಂತು.

ಕಡಲತಡಿ: ಅಲ್ಲಿ ಸಾಯುವುದೇ ಕಾನೂನುಬಾಹಿರವಂತೆ, ಅದನ್ನು ಹೇಳಿ.

ಹೆಬ್ಬಾಳದವಳು: ಸುಳ್ಳು. ಹಾಗೊಂದು ಕಾನೂನಿಲ್ಲ. ನೆಲ ಸದಾ ಹೆಪ್ಪುಗಟ್ಟಿರುವುದರಿಂದ ಶವ ಕೊಳೆಯಲ್ಲ, ಹೆಣ ಹೂಳುವುದು ಕಷ್ಟ, ಅಷ್ಟೇ. 1918ರ ಫ್ಲೂ ಜ್ವರಕ್ಕೆ ಸತ್ತ ಏಳು ಗಣಿ ಕೆಲಸಗಾರರ ಗೋರಿ ಆ ಊರಲ್ಲೇ ಇದೆ.

ಕಲ್ಲಿದ್ದಲು: ನೀ-ಓಲೆಸುಂಡ್‌ಗೂ ಹೋಗಿ, ‘ನಾರ್ಗೆ’ಯನ್ನು ಕಟ್ಟಿಹಾಕಿದ್ದ ಕಬ್ಬಿಣದ ಗೋಪುರ ಇನ್ನೂ ನಿಂತಿದೆ. 2008ರಲ್ಲಿ ಶುರುವಾದ ಭಾರತದ ಸಂಶೋಧನಾ ಕೇಂದ್ರ ‘ಹಿಮಾದ್ರಿ’ಯೂ ಅಲ್ಲೇ. ಫೋನಿನ ವೈಫೈ, ಬ್ಲೂಟೂತ್ ಆಫ್ ಇರಲೇಬೇಕು, ಇಲ್ಲದಿದ್ದರೆ ಅಲ್ಲಿನ ವೀಕ್ಷಣಾಲಯದ ರೇಡಿಯೊ ಆಂಟೆನಾಗೆ ತೊಂದರೆ.

ಮೈಸೂರು_ಪಯಣ: ಅಪ್ಪನ ಮೊಣಕಾಲು?

ಹೆಬ್ಬಾಳದವಳು: ವಿಮಾನ ಬಂದಾಗ ಬಸ್ಸು ನಿಂತಿರುತ್ತೆ. ಊರೊಳಗೆ ನಡೆಯುವಷ್ಟೇ ದೂರ. ಒಂದು ದಿನಕ್ಕೆ ಒಂದೇ ಮ್ಯೂಸಿಯಂ ಇಟ್ಟುಕೊಳ್ಳಿ.

ಧಾರವಾಡ_ಪೇಡೆ: ಸ್ಟಿಕ್ಕರ್ ನೋಡಿದ್ರೇನು?