ಪದ ಬೇಕಿತ್ತು (ಅರ್ಜೆಂಟ್): ಹಕ್ಕಿಗಳ 'ಪಾಪ್ಯುಲೇಶನ್'ಗೆ ಏನಂತೀವಿ?

ಇಂದ: ಕೋತ್ರೂಡ್, ಪುಣೆ

ಎಲ್ಲರಿಗೂ ನಮಸ್ಕಾರ, ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಫೈಲು ಪ್ರಿಂಟರ್ ಕೈಗೆ ಹೋಗ್ಬೇಕು, ದಯವಿಟ್ಟು ಇವತ್ತೇ ಹೇಳಿ. ಇಲ್ಲಿನ ಕನ್ನಡ ಮಕ್ಕಳ ಶಿಬಿರಕ್ಕೆ ಪಶ್ಚಿಮ ಘಟ್ಟದ ಹಕ್ಕಿಗಳ ಬಗ್ಗೆ ಆರು ಬೋರ್ಡ್ ಮಾಡ್ತಿದೀವಿ, ಮರಾಠಿ ಇಂಗ್ಲಿಷ್ ರೆಡಿ ಇದೆ, ಕನ್ನಡ ಮಾತ್ರ ನನ್ನ ತಲೆಗೆ ಕಟ್ಟಿದಾರೆ. ಐದು ಮುಗೀತು, ಆರನೇದ್ರಲ್ಲಿ ಸಿಕ್ಕಾಕೊಂಡಿದೀನಿ. ಹಕ್ಕಿ ಶೋಲಾ ಕಾಡಿನ ನೀಲಿ ರಾಬಿನ್. ಘಟ್ಟದ ನೆತ್ತಿ ಮೇಲಿನ ತಂಪು ಕಾಡು ಬಿಟ್ಟು ಕೆಳಗಿನ ಬಿಸಿಲಿಗೆ ಇಳಿಯಲ್ಲ, ಹಾಗಾಗಿ ಒಂದೊಂದು ಗುಡ್ಡವೂ ಅದಕ್ಕೆ ನಡುಗಡ್ಡೆ ಇದ್ದ ಹಾಗೆ. ಪಾಲಕ್ಕಾಡಿನ ಕಣಿವೆಗೆ ಉತ್ತರಕ್ಕೆ, ನೀಲಗಿರಿಯಿಂದ ನಮ್ಮ ಬಾಬಾಬುಡನ್‌ಗಿರಿ ತನಕ ಇರೋದಕ್ಕೆ ಪಕ್ಕೆ ಇಟ್ಟಿಗೆ ಕಂದು. ದಕ್ಷಿಣಕ್ಕೆ ಆನೆಮಲೆ, ಪಳನಿ ಕಡೆಯದಕ್ಕೆ ಪಕ್ಕೆ ನೀಲಿಬೂದು, ಹೊಟ್ಟೆ ಬಿಳಿ. ಮೊದಲು ಎರಡನ್ನೂ ಒಂದೇ ಅಂತಿದ್ರು, ಈಗ ಬೇರೆ ಬೇರೆ ಪ್ರಭೇದ.

ನಂಗೆ ಬೇಕಿರೋ ಸಾಲು: 'ದೂರದೂರದ ಗುಡ್ಡಗಳಲ್ಲಿ ಬೇರೆಯಾಗಿ ಉಳಿದ ಡ್ಯಾಶ್‌ಗಳ ಹಾಡೂ ಮೈಬಣ್ಣವೂ ಒಂದೇ ಥರ ಇಲ್ಲ.' ಡ್ಯಾಶ್ ಜಾಗದಲ್ಲಿ ಏನು? ನಾನು 'ಜನಸಂಖ್ಯೆ' ಅಂತ ಬರ್ದಿದ್ದೆ, ನನ್ನ ಮಗಳು ಓದಿ 'ಅಮ್ಮಾ ಹಕ್ಕಿಗಳೂ ಸೆನ್ಸಸ್‌ಗೆ ಹೆಸರು ಕೊಟ್ವಾ' ಅಂದ್ಳು. ಹಾಗೇ ಹಾಡಿನ 'ಡೈಲೆಕ್ಟ್'ಗೂ, ಅಂದ್ರೆ ಒಂದೇ ಹಕ್ಕಿ ಹಾಡು ಜಾಗದಿಂದ ಜಾಗಕ್ಕೆ ಬೇರೆ ಥರ ಇರೋದಕ್ಕೂ, ಒಂದು ಪದ ಕೊಡಿ.

ಇಂದ: ಮಾಟುಂಗಾ, ಮುಂಬಯಿ

ಸಮುದಾಯ. ಡೈಲೆಕ್ಟಿಗೆ ಉಪಭಾಷೆ. ಇದಕ್ಕೂ ಚರ್ಚೆ ಬೇಕೇ?

ಮತ್ತೆ 'ಶೋಲಾ' ಅಂತ ಬರೆಯಬೇಡಿ. ತಮಿಳಿನ ಸೋಲೈ ಬ್ರಿಟಿಷರ ಬಾಯಲ್ಲಿ ಕೆಟ್ಟು ಶೋಲಾ ಆಗಿದ್ದು, ಅದನ್ನ ನಾವು ಯಾಕೆ ಹೊರಬೇಕು.

ಇಂದ: ಕೋತ್ರೂಡ್, ಪುಣೆ

ಸರ್, ಸಮುದಾಯ ನಾಲ್ಕನೇ ಬೋರ್ಡಲ್ಲಿ ಆಗ್ಲೇ ಖರ್ಚಾಗಿದೆ, ಒಂದು ಕಾಡಿನ ಎಲ್ಲಾ ಜಾತಿ ಜೀವಿಗಳನ್ನ ಸೇರಿಸಿ ಹೇಳೋದಕ್ಕೆ. ಇಲ್ಲಿ ಒಂದೇ ಜಾತಿ, ಒಂದೇ ಜಾಗ. 'ಹಿಂಡು' ಅಂದ್ರೆ ಒಟ್ಟಿಗೆ ಹಾರಾಡ್ತವೆ ಅಂತ ಆಗುತ್ತೆ, ಈ ಹಕ್ಕಿ ಒಂಟಿ ಇಲ್ಲಾ ಜೋಡಿ, ಪೊದೆ ಕೆಳಗೇ ಕುಪ್ಪಳಿಸ್ಕೊಂಡು ಇರೋದು. ಮರಾಠಿಯವರು 'ವಸ್ತಿ' ಅಂತ ಹಾಕಿದಾರೆ, ಅದನ್ನೇ ಎತ್ಕೊಳ್ಳೋಣ ಅಂದ್ರೆ...

ಇಂದ: ವಾಸ್ಕೊ, ಗೋವಾ

ಅಕ್ಕಾರ, ವಸ್ತಿ ಹಾಕಬ್ಯಾಡ್ರಿ, ನಮ್ಮ ಕಡೆ ಮಂದಿಗೆ ವಸ್ತಿ ಬಸ್ ನೆನಪಾಕ್ಕೈತಿ, ಹಕ್ಕಿ ರಾತ್ರಿ ಮಲಗಿ ಮುಂಜಾನಿ ಐದಕ್ಕ ಹೊಂಟಂಗ. ಒಕ್ಕಲು ಅನ್ರಿ. 'ಗುಡ್ಡಕ್ಕೊಂದು ಒಕ್ಕಲು.' ಕರಾವಳಿಯವ್ರು ಹೊಸ ಮನಿ ಹೊಕ್ಕಾಗ ಮನೆ ಒಕ್ಕಲು ಅಂತ ಕಾರ್ಡ್ ಹೊಡಸ್ತಾರ, ಅಂದ್ರ ಜಾಗಾ ಹಿಡದು ನೆಲಿ ನಿಂತಿದ್ದು. ಕಾಡು ಕಡದು ಓಡಿಸಿದ್ರ ಒಕ್ಕಲೆಬ್ಬಿಸಿದ್ರು ಅನ್ನಾಕೂ ಬರತೈತಿ, ಬ್ಯಾರೆ ಪದ ಹುಡಕೂದ ಬ್ಯಾಡ.

ಡೈಲೆಕ್ಟಿಗೆ ಧಾಟಿ. ಹಾಡಿಗೆ ಧಾಟಿ ಅಲ್ದ ಭಾಷಾ ಎಲ್ಲಿಂದ ಬಂತ್ರಿ?

ಇಂದ: ಮಾಟುಂಗಾ, ಮುಂಬಯಿ

ಒಕ್ಕಲು ಅಂದರೆ ಒಕ್ಕುವುದು, ಕಣದಲ್ಲಿ ತೆನೆ ತುಳಿಸಿ ಕಾಳು ಬಿಡಿಸುವುದು. ಬೇಸಾಯಗಾರ. ಹಕ್ಕಿ ಎಲ್ಲಿ ರಾಗಿ ಒಕ್ಕಿತು? ಜೊತೆಗೆ ಆ ಪದ ಕಂಡ ಕೂಡಲೇ ಓದುಗನಿಗೆ ಜಾತಿ ನೆನಪಾಗುತ್ತದೆ. 'ಸಮಷ್ಟಿ' ಹಾಕಿ. 'ಧಾಟಿ' ಅಚ್ಚ ಮರಾಠಿ, ಅಲ್ಲಿ ಇದ್ದು ಇದ್ದು ನಿಮ್ಮ ಕನ್ನಡ ಕೆಟ್ಟಿದೆ.

ಇಂದ: ಡೊಂಬಿವಲಿ

ರಾಯರೇ, ಒಕ್ಕು ಕ್ರಿಯಾಪದದಿಂದಲೇ ಒಕ್ಕಲು ಬಂತು ಅಂತ ಅಷ್ಟು ಧೈರ್ಯವಾಗಿ ಹೇಳ್ಬೇಡಿ. ಹಳೇ ತಮಿಳಲ್ಲಿ ಒಕ್ಕಲ್ ಅಂದ್ರೆ ನೆಂಟರಿಷ್ಟರು, ಬಳಗ. ನಮ್ಮಲ್ಲೂ ಮನೆ, ವಾಸ, ಸಂಸಾರ ಅನ್ನೋ ಅರ್ಥ ಕಣದ ಅರ್ಥಕ್ಕೆ ಜೋತುಬಿದ್ದಿಲ್ಲ. ಇನ್ನೂ ಮಜಾ ಕೇಳಿ, ಈ ಹಕ್ಕಿಗೆ 2017ರಲ್ಲಿ ಕೊಟ್ಟ ಹೊಸ ಕುಲದ (ವಿಜ್ಞಾನದವರ 'ಜೀನಸ್') ಹೆಸರು ಶೋಲಿಕೋಲ. 'ಕೋಲ' ಲ್ಯಾಟಿನ್ನಿನ ಕೋಲೆರೆಯಿಂದ ಬಂದದ್ದು, ಆ ಮಾತಿಗೆ ವಾಸ ಮಾಡು ಅಂತಲೂ ಇದೆ, ಹೊಲ ಉಳು ಅಂತಲೂ ಇದೆ. ಅಂದ್ರೆ ಹಕ್ಕಿ ಹೆಸರೇ ಶೋಲಾ ಒಕ್ಕಲು! ಇಷ್ಟು ಚಂದ ಕೂತ ಪದವನ್ನ ಬಿಟ್ಟು ಸಮಷ್ಟಿಯಂತೆ. ಸಮಷ್ಟಿ ಅಂದ್ರೆ ಪಿಯುಸಿ ಅರ್ಥಶಾಸ್ತ್ರ.

'ಶೋಲಾ' ಕೂಡ ಇರಲಿ, ವಿಜ್ಞಾನದ ಹೆಸರಲ್ಲೇ ಸೇರಿಹೋಗಿದೆ, ಈಗ ತಿದ್ದೋಕೆ ಹೊರಟ್ರೆ ಯಾರ ಹತ್ರ ಅರ್ಜಿ ಹಾಕ್ತೀರಿ. ಮರಾಠಿ ಅಂತ ಮೂಗು ಮುರಿಯೋದು ಬೇಡ, ಅವರು ತುಪ್ಪಕ್ಕೆ ತೂಪ ಅಂತಾರಲ್ಲ, ಅದು ನಮ್ಮಿಂದ ಹೋಗಿದ್ದು, ಯಾರಾದ್ರೂ ವಾಪಸ್ ಕೇಳಿದೀವಾ?

ಇಂದ: ಮಾಟುಂಗಾ, ಮುಂಬಯಿ

ತುಪ್ಪ ಕೊಟ್ಟೆವು ಎಂದು ಧಾಟಿ ತರಬೇಕೆ. ಹೀಗೇ ಒಂದೊಂದಾಗಿ ತಂದು ಕೊನೆಗೆ ವಿಭಕ್ತಿ ಪ್ರತ್ಯಯ ಮಾತ್ರ ಕನ್ನಡದ್ದು ಉಳಿಯುತ್ತದೆ. ನನ್ನ ಮಟ್ಟಿಗೆ ಮುಗಿಯಿತು.

ಇಂದ: ವಾಸ್ಕೊ, ಗೋವಾ

'ಸಮಷ್ಟಿ', 'ಸಮುದಾಯ' ನಿಮ್ಮ ಅಜ್ಜ ಹೊಲದಾಗ ಬೆಳದಿದ್ವೇನ್ರಿ ಮಾಸ್ತರ? ಸಂಸ್ಕೃತ ತಂದ್ರ ಅಚ್ಚಗನ್ನಡ, ಮರಾಠಿ ತಂದ್ರ ಮೈಲಿಗಿ, ಇದ್ಯಾವ ಲೆಕ್ಕ? ಬಾಗಲಕೋಟಿ ಬಿಟ್ಟು ಇಲ್ಲಿಗೆ ಬಂದು ಮೂವತ್ತು ವರ್ಷ ಆತು. ನನ್ನ ಮಕ್ಕಳು ಊರಿಗೆ ಹೋಗಿ ಬಾಯಿ ತಗದ್ರ ಸಾಕು ಮಂದಿ ನಗತಾರ, ಕನ್ನಡಕ್ಕ ಕೊಂಕಣಿ ರಾಗ ಬಂದೈತಿ ಅಂತ. ಮೂಗು ಮಾರಿ ಎಲ್ಲಾ ಅಜ್ಜನ್ದ, ಧಾಟಿ ಅಷ್ಟ ಬ್ಯಾರೆ.

ಇಂದ: ಕೋತ್ರೂಡ್, ಪುಣೆ

ಜಗಳ ಆಮೇಲೆ ಆಡಿ ಪ್ಲೀಸ್, ಆದ್ರೆ ವಾಸ್ಕೊದವ್ರು ಹೇಳಿದ್ದು ಬೋರ್ಡಿನ ವಿಷಯಕ್ಕೇ ಬಂತು. ಹಾಡುಹಕ್ಕಿ ಮರಿಗಳು ಹಾಡನ್ನ ಸುತ್ತಲಿನ ದೊಡ್ಡ ಹಕ್ಕಿಗಳಿಂದ ಕೇಳಿ ಕಲೀತಾವೆ, ಬರೀ ಹುಟ್ಟಿನಿಂದ ಬರೋದಲ್ಲ, ಹಾಗಾಗಿ ಬೇರೆಯಾದ ಕಡೆ ಮೈಬಣ್ಣಕ್ಕಿಂತ ಮೊದಲೇ ಹಾಡು ಬದಲಾಗಬಹುದು. ಈ ಹಕ್ಕಿ ಮೇಲೆ 2016ರ ಒಂದು ಅಧ್ಯಯನ ಇದೆ, ಅದ್ರಲ್ಲಿ ನಂಗೆ ಹಿಡಿಸಿದ್ದು ಏನಂದ್ರೆ, ಹಳೇ ಕಾಲದ ಕಣಿವೆ ಅಡ್ಡ ಬಂದು ಬೇರೆಯಾದ ಹಕ್ಕಿಗಳ ಹಾಡಲ್ಲಿ ಬದಲಾದ ಲಕ್ಷಣಗಳೇ ಬೇರೆ, ಈಚೆಗೆ ಕಾಡು ಕಡಿದಿದ್ರಿಂದ ಬೇರೆಯಾದವುಗಳ ಹಾಡಲ್ಲಿ ಬದಲಾದ ಲಕ್ಷಣಗಳೇ ಬೇರೆ. ಒಂದು ತಾನಾಗಿ ಬೇರೆಯಾದ ಒಕ್ಕಲು, ಇನ್ನೊಂದು ಸುತ್ತ ಒಕ್ಕಲೆಬ್ಬಿಸಿ ಉಳಿದ ಒಕ್ಕಲು. ಸಮಷ್ಟಿ ಇಟ್ಕೊಂಡು ಇದನ್ನ ಹೇಳೋಕೇ ಆಗಲ್ಲ, ನಾನು ಬರ್ದು ನೋಡ್ದೆ.

ಕಳಿಸ್ತಿರೋ ಸಾಲು: 'ಗುಡ್ಡ ಗುಡ್ಡಗಳಲ್ಲಿ ಬೇರೆಯಾಗಿ ಉಳಿದ ಹಕ್ಕಿ ಒಕ್ಕಲುಗಳ ಹಾಡಿನ ಧಾಟಿಯೂ ಮೈಬಣ್ಣವೂ ಒಂದೇ ಥರ ಇಲ್ಲ.' ಮಗಳು ನಗಲಿಲ್ಲ, ಒಕ್ಕಲು ಅಂದ್ರೇನು ಅಂತ ಕೇಳಿದ್ಳು ಅಷ್ಟೇ.

ಇಂದ: ಮಾಟುಂಗಾ, ಮುಂಬಯಿ

'ಒಕ್ಕಲುಗಳ' ಅಲ್ಲ, 'ಒಕ್ಕಲಗಳ'ವೂ ಅಲ್ಲ. ಬಹುವಚನವೇ ಬೇಡ, 'ಹಕ್ಕಿ ಒಕ್ಕಲಿನ' ಎಂದು ಹಾಕಿ.

ಇಂದ: ಡೊಂಬಿವಲಿ

ಮುಗಿಯಿತು ಅಂದಿದ್ರಿ?