ವಿಎಂ ಒಳಗೆ ಜಾಗ ಖಾಲಿ, ಡೇಟಾಸ್ಟೋರ್ ಮಾತ್ರ ಭರ್ತಿ. ಜಾಗ ತಿಂದಿದ್ದು ಯಾರು?

ಪ್ರಶ್ನೆ: ಸರ್, ಸ್ವಲ್ಪ ತುರ್ತು. ಬೆಳಿಗ್ಗೆ ಬಂದು ನೋಡಿದರೆ ನಮ್ಮ ಇಎಸ್‌ಎಕ್ಸ್‌ಐ ಹೋಸ್ಟ್‌ನಲ್ಲಿ (ವಿಎಂ ಅಂದರೆ ವರ್ಚುವಲ್ ಮಷಿನ್‌ಗಳನ್ನು ಓಡಿಸುವ ವಿಎಂವೇರ್ ಸರ್ವರ್) ಏಳು ವಿಎಂಗಳ ಪೈಕಿ ಮೂರು ನಿಂತುಹೋಗಿವೆ. ಆಫ್ ಆಗಿಲ್ಲ, ಅಲ್ಲಾಡದೆ ಹಾಗೇ ಕೂತಿವೆ. ವರ್ಚುವಲ್ ಡಿಸ್ಕ್‌ಗೆ ಇನ್ನು ಜಾಗ ಇಲ್ಲ ಅಂತ ಸಂದೇಶ, ಕೆಳಗೆ ರಿಟ್ರೈ ಮತ್ತು ಕ್ಯಾನ್ಸಲ್ ಬಟನ್. ರಿಟ್ರೈ ಎಷ್ಟು ಸಲ ಒತ್ತಿದರೂ ಅದೇ ಸಂದೇಶ ಮತ್ತೆ ಬರುತ್ತಿದೆ. ವಿಎಂಗಳ ಫೈಲ್‌ಗಳೆಲ್ಲ ಇರುವ ಡೇಟಾಸ್ಟೋರ್ 4 ಟಿಬಿ, ಉಳಿದಿರುವುದು ಸೊನ್ನೆ. ಆದರೆ ಫೈಲ್ ಸರ್ವರ್‌ನ ವಿಂಡೋಸ್ ಒಳಗೆ ನಿನ್ನೆ ನೋಡಿದಾಗ 1.5 ಟಿಬಿಯಲ್ಲಿ 700 ಜಿಬಿ ಖಾಲಿ ಇತ್ತು. ಜಾಗ ಎಲ್ಲಿ ಹೋಯ್ತು?

ಉತ್ತರ: ಮೊದಲು ಒಂದು ಮಾತು, ಕ್ಯಾನ್ಸಲ್ ಒತ್ತಬೇಡಿ. ಒತ್ತಿದರೆ ಆ ವಿಎಂ ಅಲ್ಲೇ ಸಾಯುತ್ತದೆ, ಕರೆಂಟ್ ಕಿತ್ತ ಹಾಗೆ. ಈಗ ಅದು ಬರೆಯೋಕೆ ಜಾಗ ಸಿಗದೆ ಕಾಯುತ್ತಿದೆ, ಅಷ್ಟೇ. ಜಾಗ ಕೊಟ್ಟು ರಿಟ್ರೈ ಒತ್ತಿದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಸದ್ಯಕ್ಕೆ ಉಸಿರಾಡಲು ಜಾಗ ಬೇಕು. ಓಡುತ್ತಿರುವ ವಿಎಂಗಳಲ್ಲಿ ಅಷ್ಟೇನೂ ಮುಖ್ಯವಲ್ಲದ್ದು ಒಂದಿದೆಯಾ? ಟೆಸ್ಟ್ ಸರ್ವರ್ ಥರದ್ದು? ಅದನ್ನು ಶಟ್‌ಡೌನ್ ಮಾಡಿ. ಪ್ರತಿ ವಿಎಂ ಆನ್ ಆದಾಗ ಅದರ ರ‍್ಯಾಮ್‌ನಷ್ಟೇ ದೊಡ್ಡ ಸ್ವಾಪ್ ಫೈಲ್ (ಮೆಮೊರಿ ಸಾಲದಾದಾಗ ಬಳಸಲು) ಡೇಟಾಸ್ಟೋರ್‌ನಲ್ಲಿ ಹುಟ್ಟುತ್ತದೆ. ಮೆಮೊರಿ ರಿಸರ್ವ್ ಮಾಡಿದ್ದರೆ ಅಷ್ಟು ಕಡಿಮೆ. ಆಫ್ ಆದ ಕೂಡಲೇ ಆ ಫೈಲ್ ಹೋಗುತ್ತದೆ. 32 ಜಿಬಿ ರ‍್ಯಾಮ್ ಇದ್ದರೆ ಒಂದೇ ಏಟಿಗೆ 32 ಜಿಬಿ ಸಿಗುತ್ತದೆ. ಹಳೆಯ ಐಎಸ್‌ಒ ಫೈಲ್‌ಗಳಿದ್ದರೆ (ಇನ್‌ಸ್ಟಾಲ್ ಡಿಸ್ಕ್‌ನ ಪ್ರತಿಗಳು) ಅವನ್ನೂ ತೆಗೆಯಿರಿ. ಬೇರೆ ಏನನ್ನೂ ಅಳಿಸಬೇಡಿ.

ಆಮೇಲೆ ಫೈಲ್ ಸರ್ವರ್‌ನ ಫೋಲ್ಡರ್ ತೆರೆದು ಫೈಲ್‌ಗಳ ಹೆಸರು, ಗಾತ್ರ ಇಲ್ಲಿ ಹಾಕಿ. ನನ್ನ ಅನುಮಾನ ಸ್ನ್ಯಾಪ್‌ಶಾಟ್ ಮೇಲೆ, ಅಂದರೆ ಬೇಕಾದರೆ ಹಿಂದಿರುಗಲು ವಿಎಂನ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವುದು.

ಪ್ರಶ್ನೆ ಕೇಳಿದವರು: ಟೆಸ್ಟ್ ಸರ್ವರ್ ಆಫ್ ಮಾಡಿದೆ, 32 ಜಿಬಿ ಸಿಕ್ತು. ರಿಟ್ರೈ ಒತ್ತಿದೆ, ಮೂರೂ ಎದ್ದವು. ಥ್ಯಾಂಕ್ಸ್ ಸರ್! ಫೋಲ್ಡರ್‌ನಲ್ಲಿ ಒಂದು ವಿಎಂಡಿಕೆ (ವರ್ಚುವಲ್ ಡಿಸ್ಕ್ ಫೈಲ್) 1.5 ಟಿಬಿ ಇದೆ. ಪಕ್ಕದಲ್ಲೇ ಹೆಸರಿನ ಕೊನೆಗೆ 000001 ಇರುವ ಇನ್ನೊಂದು, 1.1 ಟಿಬಿ. ಸ್ನ್ಯಾಪ್‌ಶಾಟ್ ಪಟ್ಟಿಯಲ್ಲಿ 'ಅಪ್‌ಡೇಟ್‌ಗೆ ಮುಂಚೆ' ಅಂತ ಒಂದಿದೆ. ಐದು ತಿಂಗಳ ಹಿಂದಿನದು. ನಾನೇ ತೆಗೆದಿದ್ದು, ಮರೆತೇಬಿಟ್ಟಿದ್ದೆ.

ಉತ್ತರ: ಸಿಕ್ಕಿತಲ್ಲ. ಎಲ್ಲರೂ ಒಮ್ಮೆ ಮಾಡುವ ತಪ್ಪೇ ಇದು, ನಾನೂ ಮಾಡಿದ್ದೇನೆ.

ಸ್ನ್ಯಾಪ್‌ಶಾಟ್ ತೆಗೆದ ಗಳಿಗೆಯಿಂದ ಮೂಲ ಡಿಸ್ಕ್‌ಗೆ ಬೀಗ ಬೀಳುತ್ತದೆ. ಆಮೇಲೆ ಬರೆದದ್ದೆಲ್ಲ ಪಕ್ಕದ ಡೆಲ್ಟಾ ಫೈಲ್‌ಗೆ ಹೋಗುತ್ತದೆ. ನಿಮ್ಮ 000001 ಅದೇ. ವಿಂಡೋಸ್ ಒಳಗೆ ಫೈಲ್ ಅಳಿಸಿದರೂ ಡೆಲ್ಟಾ ಕುಗ್ಗುವುದಿಲ್ಲ, ಒಮ್ಮೆ ಮುಟ್ಟಿದ ಬ್ಲಾಕ್ ಅದರೊಳಗೆ ಉಳಿದುಬಿಡುತ್ತದೆ. ಫೈಲ್ ತುಣುಕುಗಳನ್ನು ಸರಿಸಿ ಜೋಡಿಸುವ ಡಿಫ್ರಾಗ್ ಓಡಿಸಿದರಂತೂ ಮುಗಿಯಿತು, ಒಂದು ಫೈಲೂ ಹೊಸದಾಗಿ ಬರದಿದ್ದರೂ ಡೆಲ್ಟಾ ಉಬ್ಬುತ್ತದೆ. ಬಿಟ್ಟರೆ ಅದು ಮೂಲ ಡಿಸ್ಕ್‌ನಷ್ಟೇ ದೊಡ್ಡದಾಗಬಹುದು. ಹಾಗಾಗಿ ಒಳಗಿನ ಲೆಕ್ಕಕ್ಕೂ ಹೊರಗಿನ ಲೆಕ್ಕಕ್ಕೂ ತಾಳೆ ಇಲ್ಲ. ಒಂದು ಸ್ನ್ಯಾಪ್‌ಶಾಟ್ ಅನ್ನು 72 ಗಂಟೆಗಿಂತ ಜಾಸ್ತಿ ಇಡಬೇಡಿ ಅಂತ ವಿಎಂವೇರ್‌ನವರೇ ಹೇಳುತ್ತಾರೆ. ನಿಮ್ಮದು ಐದು ತಿಂಗಳು!

ಈಗ ಅದನ್ನು ಡಿಲೀಟ್ ಮಾಡಬೇಕು, ಆದರೆ ಸ್ನ್ಯಾಪ್‌ಶಾಟ್ ಮ್ಯಾನೇಜರ್‌ನಿಂದ ಮಾತ್ರ. 'ಡಿಲೀಟ್' ಅನ್ನುವ ಪದ ನೋಡಿ ಹೆದರಬೇಡಿ. ಐದು ತಿಂಗಳ ಡೇಟಾ ಹೋಗುವುದಿಲ್ಲ, ಡೆಲ್ಟಾದಲ್ಲಿರುವುದು ಮೂಲ ಡಿಸ್ಕ್‌ಗೆ ಸೇರಿಕೊಳ್ಳುತ್ತದೆ. ಹೆದರಬೇಕಾದದ್ದು ಪಕ್ಕದ 'ರಿವರ್ಟ್'ಗೆ. ಅದನ್ನು ಒತ್ತಿದರೆ ಐದು ತಿಂಗಳು ಹಿಂದಕ್ಕೆ ಹೋಗುತ್ತೀರಿ.

ಒತ್ತುವ ಮುಂಚೆ ಎರಡು ವಿಷಯ ಹೇಳಿ. ನಿನ್ನೆಯ ಬ್ಯಾಕಪ್ ಸರಿಯಾಗಿ ಮುಗಿದಿದೆಯಾ? ಮೂಲ ಡಿಸ್ಕ್ ಥಿನ್ನಾ (ಬರೆದಷ್ಟೇ ಜಾಗ ಹಿಡಿಯುವುದು), ಥಿಕ್ಕಾ (ಪೂರ್ತಿ ಜಾಗ ಮೊದಲೇ ಹಿಡಿಯುವುದು)?

ಪ್ರಶ್ನೆ ಕೇಳಿದವರು: ಬ್ಯಾಕಪ್ ಬೇರೆ ಪೆಟ್ಟಿಗೆಗೆ ಹೋಗುತ್ತದೆ, ನಿನ್ನೆಯದು ಇದೆ. ನೀವು ಕೇಳಿದ್ದಕ್ಕೆ ನಾಲ್ಕು ಫೈಲ್ ತೆಗೆದು ತೆರೆದು ನೋಡಿದೆ, ಸರಿ ಇವೆ. ಡಿಸ್ಕ್ ಥಿಕ್.

ಉತ್ತರ: ತೆರೆದು ನೋಡಿದಿರಲ್ಲ, ಅದು ಕೆಲಸ. ಥಿಕ್ ಆಗಿದ್ದರೆ ನಿರಾಳ, 1.5 ಟಿಬಿ ಮೊದಲೇ ಹಿಡಿದಿಟ್ಟಿದೆ, ವಿಲೀನ ಆಗುವಾಗ ಬೆಳೆಯುವುದಿಲ್ಲ. ಥಿನ್ ಆಗಿದ್ದರೆ ಡೆಲ್ಟಾ ಇನ್ನೂ ಅಲ್ಲೇ ಇರುವಾಗ ಮೂಲವೂ ಉಬ್ಬುತ್ತಿತ್ತು, ಮಧ್ಯದಲ್ಲೇ ಮತ್ತೆ ಜಾಗ ಮುಗಿಯುತ್ತಿತ್ತು.

ಸಂಜೆ ಎಲ್ಲರೂ ಹೋದ ಮೇಲೆ ಫೈಲ್ ಸರ್ವರ್ ಅನ್ನು ವಿಂಡೋಸ್‌ನಿಂದಲೇ ಶಟ್‌ಡೌನ್ ಮಾಡಿ, ಆಮೇಲೆ ಡಿಲೀಟ್ ಕೊಡಿ. ಆನ್ ಇದ್ದಾಗಲೂ ಆಗುತ್ತದೆ. ಆದರೆ ಆಗ ಹೊಸ ಬರಹ ಇನ್ನೊಂದು ಸಣ್ಣ ಡೆಲ್ಟಾಗೆ ಹೋಗುತ್ತಿರುತ್ತದೆ, ನಿಮ್ಮ ಹತ್ತಿರ ಅದಕ್ಕೆಲ್ಲ ಜಾಗ ಇಲ್ಲ. 1.1 ಟಿಬಿ ಅಂದರೆ ಗಂಟೆಗಟ್ಟಲೆ ಹಿಡಿಯುತ್ತದೆ. 99 ಶೇಕಡಾಕ್ಕೆ ಬಂದು ಅಲ್ಲೇ ಕೂತಂತೆ ಕಾಣುತ್ತದೆ. ನಿಂತಿಲ್ಲ, ಒಳಗೆ ಕೆಲಸ ನಡೆಯುತ್ತಿದೆ. ಡಿಸ್ಕ್ ಗ್ರಾಫ್ ನೋಡಿ, ಓದು ಬರಹ ಕಾಣುತ್ತದೆ. ಆ ಹೊತ್ತಿಗೆ ತಾಳ್ಮೆ ಕೆಟ್ಟು ಹೋಸ್ಟ್ ರೀಸ್ಟಾರ್ಟ್ ಮಾಡಿದವರ ಕಥೆ ನನ್ನ ಹತ್ತಿರ ಬೇಕಾದಷ್ಟಿದೆ.

ಇನ್ನೊಬ್ಬ ಸದಸ್ಯರು: ಅಯ್ಯೋ, ನಾನು ಇದನ್ನು ಒಂದು ದಿನ ಮುಂಚೆ ಓದಬೇಕಿತ್ತು. ನಮ್ಮಲ್ಲೂ ಇದೇ ಆಗಿ, 000001 ಫೈಲ್ ಕಸ ಅಂದುಕೊಂಡು ಡೇಟಾಸ್ಟೋರ್ ಬ್ರೌಸರ್‌ನಿಂದ ಅಳಿಸಿಬಿಟ್ಟೆ. ಈಗ ವಿಎಂ ಆನ್ ಆಗುತ್ತಿಲ್ಲ, ಡಿಸ್ಕ್ ಅಥವಾ ಅದು ನಂಬಿಕೊಂಡಿರುವ ಸ್ನ್ಯಾಪ್‌ಶಾಟ್ ಡಿಸ್ಕ್ ತೆರೆಯಲಾಗುತ್ತಿಲ್ಲ ಅನ್ನುತ್ತದೆ. ದಾರಿ ಇದೆಯಾ?

ಉತ್ತರ: ಬೇಜಾರಿನ ವಿಷಯ. ಡೇಟಾಸ್ಟೋರ್‌ನಲ್ಲಿ ಮರುಬಳಕೆ ಬುಟ್ಟಿ ಇಲ್ಲ. ಅಳಿಸಿದ್ದು ಅಳಿಸಿದ್ದೇ. ಬ್ಯಾಕಪ್ ಇದ್ದರೆ ಸುಮ್ನೆ ಅದರಿಂದ ಎತ್ತಿಕೊಳ್ಳಿ, ಬೇರೆ ಪ್ರಯೋಗ ಬೇಡ. ಬ್ಯಾಕಪ್ ಇಲ್ಲ ಅಂದರೆ, ಆ ಡೇಟಾಸ್ಟೋರ್ ಮೇಲಿನ ಉಳಿದ ವಿಎಂಗಳನ್ನೂ ನಿಲ್ಲಿಸಿ. ಹೊಸದಾಗಿ ಒಂದು ಅಕ್ಷರವೂ ಅಲ್ಲಿ ಬೀಳಬಾರದು. ಡೇಟಾ ರಿಕವರಿ ಮಾಡುವವರ ಕೈಗೆ ಕೊಡುವುದೊಂದೇ ಬಾಕಿ, ಭರವಸೆ ಕೊಡಲಾರೆ. ಮೂಲ ಡಿಸ್ಕ್ ಹಾಗೇ ಇದೆಯಲ್ಲ, ಅದರ ಪ್ರತಿಯನ್ನು ಬೇರೆ ಸ್ಟೋರೇಜ್‌ಗೆ ತೆಗೆದು ಹೊಸ ವಿಎಂಗೆ ಜೋಡಿಸಿದರೆ ಸ್ನ್ಯಾಪ್‌ಶಾಟ್ ತೆಗೆದ ದಿನದವರೆಗಿನದ್ದು ಸಿಗುತ್ತದೆ. ಪ್ರತಿಯನ್ನು ಅಂದೆ, ಗಮನಿಸಿ. ಮೂಲವನ್ನೇ ಬೂಟ್ ಮಾಡಿಬಿಟ್ಟರೆ ಅದರ ಮೇಲೆ ಬರಹ ಬಿದ್ದು, ನಾಳೆ ಡೆಲ್ಟಾ ವಾಪಸ್ ಸಿಕ್ಕರೂ ಎರಡಕ್ಕೂ ಹೊಂದಾಣಿಕೆ ಆಗುವುದಿಲ್ಲ.

ಮತ್ತೊಬ್ಬ ಸದಸ್ಯರು: ಸರ್, ನಮ್ಮದು ಕೆವಿಎಂ (ಲಿನಕ್ಸ್‌ನಲ್ಲಿ ವಿಎಂ ಓಡಿಸುವ ವ್ಯವಸ್ಥೆ), ಕೆಳಗೆ ಎಲ್‌ವಿಎಂ ಥಿನ್ ಪೂಲ್ (ಬರೆದಂತೆಲ್ಲ ಜಾಗ ಹಂಚುವ ಸ್ಟೋರೇಜ್). ಸ್ನ್ಯಾಪ್‌ಶಾಟ್ ಒಂದೂ ಇಲ್ಲ. ಲಿನಕ್ಸ್ ವಿಎಂ ಒಳಗೆ 300 ಜಿಬಿ ಲಾಗ್ ಅಳಿಸಿದೆ, ಪೂಲ್‌ನಲ್ಲಿ ಒಂದು ಜಿಬಿಯೂ ಕಡಿಮೆ ಆಗಿಲ್ಲ.

ಉತ್ತರ: ವಿಎಂ ಒಳಗೆ ಅಳಿಸಿದ್ದು ಪೂಲ್‌ಗೆ ಗೊತ್ತೇ ಇಲ್ಲ, ಅದಕ್ಕೆ. ಯಾರಾದರೂ ಹೇಳಬೇಕು. ವಿಎಂ ಸೆಟ್ಟಿಂಗ್‌ನಲ್ಲಿ ಆ ಡಿಸ್ಕ್‌ಗೆ ಡಿಸ್ಕಾರ್ಡ್ (ಖಾಲಿಯಾದ ಜಾಗವನ್ನು ಕೆಳಗಿನ ಸ್ಟೋರೇಜ್‌ಗೆ ತಿಳಿಸಲು ಬಿಡುವ ಆಯ್ಕೆ) ಆನ್ ಮಾಡಿ, ವಿಎಂ ಪೂರ್ತಿ ಆಫ್ ಮಾಡಿ ಆನ್ ಮಾಡಿ, ಒಳಗಿನಿಂದ ಆ ಸುದ್ದಿ ಕಳಿಸುವ ಎಫ್‌ಎಸ್‌ಟ್ರಿಮ್ ಕಮಾಂಡ್ ಓಡಿಸಿ. ಆಮೇಲೆ ವಾರಕ್ಕೊಮ್ಮೆ ತಾನಾಗಿ ಓಡುವ ಹಾಗೆ ಟೈಮರ್ ಹಾಕಿ. ಹಾಗೇ ಪೂಲ್ ಎಷ್ಟು ತುಂಬಿದೆ ಅಂತ ತೋರಿಸುವ ಎಲ್‌ವಿಎಸ್ ಕಮಾಂಡ್‌ನಲ್ಲಿ ಡೇಟಾ ಶೇಕಡಾ ಜೊತೆಗೆ ಮೆಟಾಡೇಟಾ (ಯಾವ ಡೇಟಾ ಎಲ್ಲಿದೆ ಎಂಬ ಲೆಕ್ಕ) ಶೇಕಡಾವನ್ನೂ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಡೇಟಾ ತುಂಬಿದರೆ ಪರದಾಟ, ಮೆಟಾಡೇಟಾ ತುಂಬಿದರೆ ಪೂಲ್ ರಿಪೇರಿಗೇ ಕೂರಬೇಕಾಗುತ್ತದೆ.

ಇನ್ನೊಬ್ಬ ಸದಸ್ಯರು: ನನ್ನದು ಜಾಗದ ಸಮಸ್ಯೆ ಅಲ್ಲ. ಹೋದ ವಾರದಿಂದ ಎಲ್ಲ ವಿಎಂಗಳೂ ಆಮೆ. ಓದುವುದು ಮೊದಲಿನಷ್ಟೇ ವೇಗ, ಬರೆಯುವಾಗ ಮಾತ್ರ 2 ಮಿಲಿಸೆಕೆಂಡ್ ಇದ್ದದ್ದು 40 ದಾಟುತ್ತಿದೆ. ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂಥ ಜೋಡಣೆ), ಹಾರ್ಡ್‌ಡಿಸ್ಕ್‌ಗಳೆಲ್ಲ ಹಸಿರು ದೀಪ.

ಉತ್ತರ: ಓದು ಸರಿ, ಬರಹ ನಿಧಾನ, ಅದೂ ಒಂದೇ ದಿನದಲ್ಲಿ. ರೇಡ್ ಕಂಟ್ರೋಲರ್‌ನ ಬ್ಯಾಟರಿ ನೋಡಿ. ಬ್ಯಾಟರಿ ಚೆನ್ನಾಗಿರುವಾಗ ಕಂಟ್ರೋಲರ್ ಬರಹವನ್ನು ತನ್ನ ಕ್ಯಾಶ್‌ಗೆ ಹಾಕಿಕೊಂಡು ತಕ್ಷಣ 'ಆಯ್ತು' ಅನ್ನುತ್ತದೆ. ಬ್ಯಾಟರಿ ಕೆಟ್ಟರೆ ರೈಟ್‌ಥ್ರೂಗೆ ಇಳಿಯುತ್ತದೆ, ಅಂದರೆ ಡಿಸ್ಕ್ ಮೇಲೆ ಬಿದ್ದ ಮೇಲೆಯೇ 'ಆಯ್ತು'. ರೇಡ್ 5ರಲ್ಲಿ ಪ್ರತಿ ಸಣ್ಣ ಬರಹಕ್ಕೂ ಹಳೇ ಡೇಟಾ, ಹಳೇ ಪ್ಯಾರಿಟಿ (ಕೆಟ್ಟ ಡಿಸ್ಕ್‌ನ ಡೇಟಾ ಮತ್ತೆ ಕಟ್ಟಲು ಇಟ್ಟ ಲೆಕ್ಕ) ಓದಿ, ಹೊಸದೆರಡು ಬರೆಯಬೇಕು. ಕ್ಯಾಶ್ ಇಲ್ಲದೆ ಅದು ನರಳುತ್ತದೆ.

ರೈಟ್‌ಬ್ಯಾಕ್ ಅನ್ನು (ಕ್ಯಾಶ್‌ಗೆ ಹಾಕಿದ ಕೂಡಲೇ 'ಆಯ್ತು' ಅನ್ನುವ ಕ್ರಮ) ಬಲವಂತವಾಗಿ ಆನ್ ಮಾಡಿ ಅಂತ ಯಾರಾದರೂ ಹೇಳುತ್ತಾರೆ. ವೇಗ ಬರುತ್ತದೆ, ನಿಜ. ಆದರೆ ಕರೆಂಟ್ ಹೋದ ಕ್ಷಣದಲ್ಲಿ ಕ್ಯಾಶ್‌ನಲ್ಲಿದ್ದದ್ದು ಆವಿ, ಡೇಟಾಬೇಸ್ ಮಾತ್ರ ಎಲ್ಲ ಉಳಿದಿದೆ ಅಂದುಕೊಂಡಿರುತ್ತದೆ. ನಾನು ಮಾಡಲ್ಲ. ಬ್ಯಾಟರಿ ಬದಲಿಸಿ.

ರೇಡ್ ಬಗ್ಗೆ ಕೇಳಿದ ಸದಸ್ಯರು: ಬ್ಯಾಟರಿಯೇ ಸರ್! 'ಫೇಲ್ಡ್' ಅಂತ ಲಾಗ್‌ನಲ್ಲಿ ಒಂಬತ್ತು ದಿನದಿಂದ ಬಿದ್ದಿದೆ. ಯಾರೂ ನೋಡಿಲ್ಲ.

ಮೊದಲು ಪ್ರಶ್ನೆ ಕೇಳಿದವರು: ಅಪ್‌ಡೇಟ್. ರಾತ್ರಿ 8ಕ್ಕೆ ಡಿಲೀಟ್ ಕೊಟ್ಟೆ. 11ಕ್ಕೆ 99 ಶೇಕಡಾ, ಅಲ್ಲೇ ನಿಂತಿತು. ನಿಮ್ಮ ಮಾತು ನೆನಪಿಟ್ಟುಕೊಂಡು ಮೌಸ್ ಮುಟ್ಟಲಿಲ್ಲ. ಬೆಳಗಿನ ಜಾವ 4ಕ್ಕೆ ಮುಗಿದಿದೆ. ಈಗ 1.1 ಟಿಬಿ ಖಾಲಿ, ಫೈಲ್ ಸರ್ವರ್ ಎದ್ದಿದೆ, ಮೊದಲಿಗಿಂತ ಚುರುಕಾಗಿಯೂ ಇದೆ. ಇನ್ನು ಮುಂದೆ ಹೀಗಾಗದಿರಲು ಏನು ಮಾಡಲಿ?

ಉತ್ತರ: ಸ್ನ್ಯಾಪ್‌ಶಾಟ್ ಹೆಸರಲ್ಲೇ ತೆಗೆದವರ ಹೆಸರು, ಅಳಿಸಬೇಕಾದ ದಿನಾಂಕ ಬರೆಯಿರಿ. 'ಅಪ್‌ಡೇಟ್‌ಗೆ ಮುಂಚೆ' ಅಂದರೆ ಯಾವ ಅಪ್‌ಡೇಟ್, ಯಾರದ್ದು? ವಾರಕ್ಕೊಮ್ಮೆ ಪ್ರತಿ ವಿಎಂನ ಫೋಲ್ಡರ್ ಇಣುಕಿ ನೋಡಿ. ಬ್ಯಾಕಪ್ ಸಾಫ್ಟ್‌ವೇರ್ ತಾನು ತೆಗೆದ ಸ್ನ್ಯಾಪ್‌ಶಾಟ್ ಅಳಿಸಲು ಸೋತಾಗ ಪಟ್ಟಿಯಲ್ಲಿ ಏನೂ ಕಾಣದೆ ಡೆಲ್ಟಾ ಮಾತ್ರ ಉಳಿದಿರುವುದುಂಟು. ಅಂಥದ್ದಕ್ಕೆ ಕನ್ಸಾಲಿಡೇಟ್ (ಉಳಿದ ಡೆಲ್ಟಾವನ್ನು ಮೂಲ ಡಿಸ್ಕ್‌ಗೆ ಸೇರಿಸುವ ಆಯ್ಕೆ) ಕೊಡಿ. ವಿಸೆಂಟರ್ (ಹೋಸ್ಟ್‌ಗಳನ್ನು ಒಂದೆಡೆಯಿಂದ ನೋಡಿಕೊಳ್ಳುವ ವಿಎಂವೇರ್ ಸಾಫ್ಟ್‌ವೇರ್) ಇದ್ದರೆ ಡೇಟಾಸ್ಟೋರ್ 75 ಶೇಕಡಾಕ್ಕೆ ಹಳದಿ, 85ಕ್ಕೆ ಕೆಂಪು ಎಚ್ಚರಿಕೆ ತಾನಾಗಿಯೇ ಬರಬೇಕು. ನಿಮಗೆ ಮೇಲ್ ಬರಲಿಲ್ವಾ?

ಮೊದಲು ಪ್ರಶ್ನೆ ಕೇಳಿದವರು: ಈಗ ನೋಡಿದೆ ಸರ್. ಬಂದಿದೆ, ಎರಡೂ ಬಂದಿವೆ. ಹೋದ ವರ್ಷ ಕೆಲಸ ಬಿಟ್ಟವರ ಮೇಲ್‌ಗೆ.